ನಮೂನೆ 17ಸಿ: ಮಲೆನಾಡಿನ ಒಂದು ಮತಗಟ್ಟೆಯ ಲೆಕ್ಕ

ಭಾರತ ಚುನಾವಣಾ ಆಯೋಗಕ್ಕೆ ತನ್ನದೇ ಎನ್ನಬಹುದಾದ ಸಿಬ್ಬಂದಿ ಇರುವುದು ನೂರರ ಲೆಕ್ಕದಲ್ಲಿ ಮಾತ್ರ. ದೆಹಲಿಯ ನಿರ್ವಾಚನ ಸದನದಿಂದಾಚೆ ಅದರ ಕೆಲಸವೆಲ್ಲ ನಡೆಯುವುದು ಎರವಲು ತಂದ ಕೈಗಳಿಂದ. 2024ರ ಲೋಕಸಭಾ ಚುನಾವಣೆಗೆ ಹಾಗೆ ಎರವಲು ಹೋದ, ಭದ್ರತಾ ಪಡೆಯವರೂ ಸೇರಿ ಸುಮಾರು ಒಂದೂವರೆ ಕೋಟಿ ಜನರಲ್ಲಿ, ಚಿಕ್ಕಮಗಳೂರು ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವ ನಾನೂ ಒಬ್ಬ. ಆಯೋಗ ಕೇಳಿದರೆ ಸಿಬ್ಬಂದಿಯನ್ನು ಒದಗಿಸಬೇಕೆಂದು ಸಂವಿಧಾನದ 324ನೇ ವಿಧಿಯೇ ಹೇಳುತ್ತದೆ. ಒದಗಿಸಲ್ಪಟ್ಟವರು ಫಲಿತಾಂಶ ಘೋಷಣೆಯಾಗುವವರೆಗೂ ಆಯೋಗದ ನಿಯೋಜನೆಯ ಮೇಲಿದ್ದು ಅದರ ಶಿಸ್ತಿಗೆ ಒಳಪಟ್ಟಿರುತ್ತಾರೆಂದು 1951ರ ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 28ಎ ಕಲಮು ಹೇಳುತ್ತದೆ. ನಮ್ಮ ಶಾಲೆಯ ಸಿಬ್ಬಂದಿ ಕೊಠಡಿಯಲ್ಲಿ ಇಷ್ಟನ್ನೂ ಒಂದೇ ಮಾತಿನಲ್ಲಿ ಮುಗಿಸುತ್ತಾರೆ: ಆರ್ಡರ್ ಬಂತು.

ಆಯೋಗವು ಮಾರ್ಚ್ 16ರಂದು ವೇಳಾಪಟ್ಟಿ ಪ್ರಕಟಿಸಿತು. ಏಪ್ರಿಲ್ 19ರಿಂದ ಜೂನ್ 1ರವರೆಗೆ ದೇಶದಲ್ಲಿ ಏಳು ಹಂತ. ಕರ್ನಾಟಕದ 28 ಕ್ಷೇತ್ರಗಳಲ್ಲಿ 14ಕ್ಕೆ ಏಪ್ರಿಲ್ 26, ಉಳಿದ 14ಕ್ಕೆ ಮೇ 7. ನಮ್ಮ ಉಡುಪಿ–ಚಿಕ್ಕಮಗಳೂರು ಕ್ಷೇತ್ರ ಮೊದಲ ಕಂತಿನಲ್ಲಿತ್ತು. ಆ ಹೊತ್ತಿಗೆ ನಾವು ಮಾರ್ಚ್ 25ರಿಂದ ಶುರುವಾಗುವ ಎಸ್ಸೆಸ್ಸೆಲ್ಸಿ ಪರೀಕ್ಷೆಯ ತಯಾರಿಯಲ್ಲಿದ್ದೆವು. ಪರೀಕ್ಷೆ, ಮೌಲ್ಯಮಾಪನ, ಚುನಾವಣಾ ತರಬೇತಿ ಮೂರೂ ಒಂದರ ಹೆಗಲ ಮೇಲೊಂದು ಕೂತು ಬಂದವು. ಆದೇಶದಲ್ಲಿ ನನ್ನ ಹೆಸರಿನ ಮುಂದೆ ಪಿಆರ್‌ಒ ಎಂದಿತ್ತು, ಅಂದರೆ ಮತಗಟ್ಟೆಯ ಅಧ್ಯಕ್ಷಾಧಿಕಾರಿ. ಆದರೆ ಯಾವ ಮತಗಟ್ಟೆ, ಜೊತೆಯಲ್ಲಿ ಯಾರು ಎಂಬುದೊಂದೂ ಅದರಲ್ಲಿರಲಿಲ್ಲ, ಇರುವಂತೆಯೂ ಇಲ್ಲ.

ಇದರ ಹಿಂದಿನ ವ್ಯವಸ್ಥೆಯನ್ನು ಹೊರಗಿನವರು ಅಷ್ಟಾಗಿ ಬಲ್ಲವರಲ್ಲ. ಸಿಬ್ಬಂದಿಯ ಪಟ್ಟಿಯನ್ನು ಗಣಕಯಂತ್ರದ ಮೂಲಕ ಮೂರು ಬಾರಿ ಕಲಸುತ್ತಾರೆ. ನಮ್ಮಲ್ಲಿ ಅದನ್ನು ರ‍್ಯಾಂಡಮೈಸೇಷನ್ ಎಂದೇ ಕರೆಯುವುದು. ಮೊದಲ ಸುತ್ತಿನಲ್ಲಿ ಯಾರು ಕೆಲಸಕ್ಕೆ, ಯಾವ ಹುದ್ದೆಗೆ ಎಂಬುದು ಗೊತ್ತಾಗುತ್ತದೆ. ಎರಡನೆಯದು ಆಯೋಗ ಕಳಿಸಿದ ವೀಕ್ಷಕರ ಎದುರಿನಲ್ಲಿ ನಡೆದು ತಂಡಗಳೂ ವಿಧಾನಸಭಾ ಕ್ಷೇತ್ರವೂ ನಿಗದಿಯಾಗುತ್ತವೆ, ಅದೂ ಸ್ವಂತ ಊರಿನ ಮತ್ತು ಕೆಲಸ ಮಾಡುವ ಸ್ಥಳದ ಕ್ಷೇತ್ರವನ್ನು ಬಿಟ್ಟು. ಮೂರನೆಯ ಸುತ್ತು ಮತಗಟ್ಟೆಗೆ ಹೊರಡುವುದಕ್ಕೆ ಸ್ವಲ್ಪ ಮುಂಚೆ ನಡೆಯುವುದರಿಂದ, ನಮಗೆ ಯಾವ ಊರು ಎಂಬುದು ಯಂತ್ರ, ಸಾಮಾನು ಪಡೆದು ಹೊರಡುವ ಮಸ್ಟರಿಂಗ್ ಕೇಂದ್ರದಲ್ಲಿಯೇ ತಿಳಿಯುತ್ತದೆ. ಮತಯಂತ್ರಗಳನ್ನೂ ಹೀಗೆಯೇ ಎರಡು ಬಾರಿ ಕಲಸಿ, ಪಟ್ಟಿಯ ಪ್ರತಿಯನ್ನು ಪಕ್ಷಗಳಿಗೂ ಅಭ್ಯರ್ಥಿಗಳಿಗೂ ಕೊಡುತ್ತಾರೆ. ಯಾವ ಯಂತ್ರ ಎಲ್ಲಿಗೆ ಹೋಗುತ್ತದೆಂಬುದಾಗಲಿ, ಯಾವ ಅಧಿಕಾರಿ ಅದನ್ನು ಮುಟ್ಟುತ್ತಾನೆಂಬುದಾಗಲಿ ಯಾರಿಗೂ ಮುಂಚೆ ಗೊತ್ತಿರದಂತೆ ನೋಡಿಕೊಳ್ಳುವುದು, ನನ್ನ ಮಟ್ಟಿಗೆ, ಈ ಇಡೀ ಏರ್ಪಾಟಿನ ಅತ್ಯಂತ ಜಾಣತನದ ಭಾಗ. ವಿನಾಯಿತಿ ಕೇಳಿಕೊಂಡು ತಾಲೂಕು ಕಚೇರಿಗೆ ಅಲೆಯುವ ನಮ್ಮವರಿಗೆ ಮಾತ್ರ ಅದು ಶಾಪವಾಗಿಯೇ ಕಾಣುತ್ತದೆ. ಬೆನ್ನುನೋವು, ರಕ್ತದೊತ್ತಡ, ಮನೆಯಲ್ಲಿ ಮದುವೆ ಎಂದು ಅರ್ಜಿ ಹಿಡಿದು ನಿಂತವರ ಸಾಲನ್ನು ಕಂಡರೆ ಏಪ್ರಿಲ್ ತಿಂಗಳಲ್ಲಿ ಜಿಲ್ಲೆಯ ನೌಕರವರ್ಗದ ಆರೋಗ್ಯದ ಬಗ್ಗೆ ಯಾರಿಗಾದರೂ ಗಾಬರಿಯಾದೀತು.

ತರಬೇತಿಯಲ್ಲಿ ಮಾಸ್ಟರ್ ಟ್ರೈನರ್‌ಗಳು ಸಾಮಾನ್ಯವಾಗಿ 2004ರ ಸಂತೇಮರಹಳ್ಳಿಯಿಂದ ಶುರು ಮಾಡುತ್ತಾರೆ. ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರನ್ನು ಒಂದೇ ಒಂದು ಮತದಿಂದ ಸೋಲಿಸಿದ ಆ ಚುನಾವಣೆಯನ್ನು ಕೇಳದೆ ಕರ್ನಾಟಕದಲ್ಲಿ ಚುನಾವಣಾ ತರಬೇತಿ ಮುಗಿಸಿದವರಿಲ್ಲ. ಶೃಂಗೇರಿ ವಿಧಾನಸಭಾ ಕ್ಷೇತ್ರದ ಮತಗಟ್ಟೆಗಳಿಗೆ ಹೋಗಬೇಕಿದ್ದ ನಮಗೆ ಅಷ್ಟು ದೂರದ ಉದಾಹರಣೆ ಬೇಕಿರಲಿಲ್ಲ; 2023ರಲ್ಲಿ ಅಲ್ಲಿ ಗೆಲುವಿನ ಅಂತರ 201 ಮತ. ಒಂದು ಮತಗಟ್ಟೆಯ ಲೆಕ್ಕ ಎಡವಟ್ಟಾದರೆ ಏನಾಗಬಹುದೆಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ತರಬೇತಿಯ ಮುಕ್ಕಾಲು ಪಾಲು ಯಂತ್ರದ ಮೇಲೆ ಹೋಯಿತು. ಅಧಿಕಾರಿಯ ಮೇಜಿನ ಮೇಲಿರುವ ಕಂಟ್ರೋಲ್ ಯೂನಿಟ್, ಮತದಾರ ಗುಂಡಿ ಒತ್ತುವ ಬ್ಯಾಲೆಟ್ ಯೂನಿಟ್, ಹಾಕಿದ ಮತದ ಚೀಟಿಯನ್ನು ಮುದ್ರಿಸಿ ತೋರಿಸುವ ವಿವಿಪ್ಯಾಟ್ ಎಂಬ ಮೂರು ಪೆಟ್ಟಿಗೆಗಳನ್ನು ಯಾವ ಕೇಬಲ್‌ನಿಂದ ಎಲ್ಲಿಗೆ ಜೋಡಿಸಬೇಕು, ವಿವಿಪ್ಯಾಟ್ ಹಿಂಬದಿಯ ಗುಂಡಿಯನ್ನು ಸಾಗಣೆಯ ಸ್ಥಿತಿಯಿಂದ ಕೆಲಸದ ಸ್ಥಿತಿಗೆ ಯಾವಾಗ ತಿರುಗಿಸಬೇಕು, ಅದರ ಮೇಲೆ ನೇರ ಬೆಳಕು ಏಕೆ ಬೀಳಬಾರದು, ಇತ್ಯಾದಿ. ಇವೆಲ್ಲ ಕೈಯಾಡಿಸಿದರೆ ಒಂದು ಗಂಟೆಯಲ್ಲಿ ಬರುವ ವಿದ್ಯೆ. ನಿಜವಾದ ಕಷ್ಟವಿರುವುದು ಕಾಗದಗಳಲ್ಲಿ. ಮತದಾರರ ರಿಜಿಸ್ಟರ್ 17ಎ, ದಾಖಲಾದ ಮತಗಳ ಲೆಕ್ಕಪತ್ರ 17ಸಿ, ಅಂಧ ಹಾಗೂ ಅಶಕ್ತ ಮತದಾರರ ಪಟ್ಟಿ 14ಎ, ಆಕ್ಷೇಪಿತ ಮತಗಳ ಪಟ್ಟಿ 14, ತಮ್ಮ ಹೆಸರಿನಲ್ಲಿ ಆಗಲೇ ಬೇರೊಬ್ಬರು ಮತ ಹಾಕಿಹೋಗಿದ್ದರೆ ಕಾಗದದ ಮೇಲೆ ಹಾಕುವ ಟೆಂಡರ್ಡ್ ಮತಗಳ ಪಟ್ಟಿ 17ಬಿ, ಅಧ್ಯಕ್ಷಾಧಿಕಾರಿಯ ಡೈರಿ, ಘೋಷಣೆಗಳು, ಅಣಕು ಮತದಾನದ ಪ್ರಮಾಣಪತ್ರ. ಇವುಗಳಲ್ಲಿ ಯಾವುದು ಹಸಿರು ಲಕೋಟೆಗೆ, ಯಾವುದು ಹಳದಿಗೆ, ಯಾವುದು ಬಿಳಿಗೆ ಎಂಬುದನ್ನು ತರಬೇತುದಾರರು ಹೇಳುತ್ತಿದ್ದಾಗ ಸಭಾಂಗಣದಲ್ಲಿ ಅರ್ಧ ಜನ ಫೋನಿನಲ್ಲಿ ಫೋಟೊ ತೆಗೆದುಕೊಳ್ಳುತ್ತಿದ್ದರು, ಉಳಿದರ್ಧ ತೂಕಡಿಸುತ್ತಿದ್ದರು.

ನನ್ನ ಹೆಸರು ಇದೇ ಲೋಕಸಭಾ ಕ್ಷೇತ್ರದ ಪಟ್ಟಿಯಲ್ಲಿ ಇದ್ದುದರಿಂದ, ಕೆಲಸದ ಮತಗಟ್ಟೆಯಲ್ಲಿಯೇ ಮತ ಹಾಕಲು ಅವಕಾಶ ಕೊಡುವ ಇಡಿಸಿ ಎಂಬ ಪ್ರಮಾಣಪತ್ರ ಸಿಕ್ಕಿತು. ಬೇರೆ ಲೋಕಸಭಾ ಕ್ಷೇತ್ರದ ಮತದಾರರಾದ ಸಹೋದ್ಯೋಗಿಗಳು ಅಂಚೆ ಮತಪತ್ರಕ್ಕೆ ಅರ್ಜಿ ತುಂಬಿ ಸೌಲಭ್ಯ ಕೇಂದ್ರದಲ್ಲಿ ಮತ ಹಾಕಿದರು.

ಏಪ್ರಿಲ್ 25ರ ಬೆಳಿಗ್ಗೆ ಮಸ್ಟರಿಂಗ್. ಕಾಲೇಜೊಂದರ ಮೈದಾನದಲ್ಲಿ ಶಾಮಿಯಾನ, ಸಾಲು ಸಾಲು ಮೇಜು, ಧ್ವನಿವರ್ಧಕದಲ್ಲಿ ನಿಲ್ಲದ ಕೂಗು, ಮೈದಾನದಾಚೆ ಮಾರ್ಗಸಂಖ್ಯೆ ಅಂಟಿಸಿಕೊಂಡು ನಿಂತ ಸಾರಿಗೆ ಬಸ್ಸುಗಳು. ನನ್ನ ತಂಡದ ಉಳಿದ ಮೂವರನ್ನು ನಾನು ಚೆನ್ನಾಗಿ ಮಾತನಾಡಿಸಿದ್ದು ಅಲ್ಲಿಯೇ. ಸಹಾಯಕ ಅಧ್ಯಕ್ಷಾಧಿಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಇನ್ನಿಬ್ಬರಲ್ಲಿ ಒಬ್ಬರು ಪಶುಪಾಲನಾ ಇಲಾಖೆಯವರು, ಇನ್ನೊಬ್ಬರು ಗ್ರಾಮ ಪಂಚಾಯಿತಿ ಗುಮಾಸ್ತರು. ಯಂತ್ರಗಳ ಕ್ರಮಸಂಖ್ಯೆಯನ್ನು ಆದೇಶದೊಡನೆ ತಾಳೆ ನೋಡಿ, ಮತದಾರರ ಪಟ್ಟಿಯ ಗುರುತು ಹಾಕುವ ಪ್ರತಿಯಲ್ಲಿ ಎಲ್ಲ ಪುಟಗಳೂ ಇವೆಯೇ ಎಂದು ಒಂದೊಂದಾಗಿ ತಿರುವಿ, ಗೈರುಹಾಜರಾದವರು, ಸ್ಥಳಾಂತರಗೊಂಡವರು, ಮೃತರು ಎಂದು ಬೂತ್ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಒ ಗುರುತಿಸಿದವರ ಪ್ರತ್ಯೇಕ ಪಟ್ಟಿಯನ್ನು ಪಡೆದು, ಸೀಲುಗಳನ್ನು ಎಣಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಯಂತ್ರಗಳನ್ನು ಅಲ್ಲಿ ಚಾಲೂ ಮಾಡಿ ನೋಡುವಂತಿಲ್ಲ. ಸಾಮಾನಿನ ಚೀಲದಲ್ಲಿ ಅರಗು, ಮೇಣದಬತ್ತಿ, ಬ್ಲೇಡು, ದಾರ, ಗುಂಡುಪಿನ್ನು, ರಬ್ಬರ್ ಮೊಹರು, ಹಿತ್ತಾಳೆಯ ಮುದ್ರೆ. ಜೊತೆಗೆ ಮೈಸೂರಿನಿಂದ ಬಂದ ಶಾಯಿಯ ಪುಟ್ಟ ಬಾಟಲಿಗಳು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಸ್ಥಾಪನೆಯಾದ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯೇ 1962ರಿಂದ ಇಡೀ ದೇಶದ ಬೆರಳಿಗೆ ಗುರುತು ಹಾಕುತ್ತ ಬಂದಿದೆ. ಹತ್ತು ಮಿಲಿಲೀಟರಿನ ಒಂದು ಬಾಟಲಿ ಸುಮಾರು ಏಳುನೂರು ಜನರಿಗೆ ಸಾಕು. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಬಿಸಿಲಿಗೆ ಕಪ್ಪಾಗಿ ಚರ್ಮಕ್ಕೆ ಕಚ್ಚಿಕೊಳ್ಳುತ್ತದೆ. ಅದನ್ನು ಹಚ್ಚುವವರ ಕೈಬೆರಳುಗಳ ಗತಿಯನ್ನು ಮಾತ್ರ ಯಾವ ಕೈಪಿಡಿಯೂ ಹೇಳಿಲ್ಲ.

ನಮ್ಮ ಪಾಲಿಗೆ ಬಂದ ಮತಗಟ್ಟೆ ಅಡಕೆ ತೋಟಗಳ ನಡುವಿನ ಒಂದು ಕಿರಿಯ ಪ್ರಾಥಮಿಕ ಶಾಲೆ. ಮತದಾರ ಎರಡು ಕಿಲೋಮೀಟರಿಗಿಂತ ಹೆಚ್ಚು ನಡೆಯಬಾರದೆಂಬ ಆಯೋಗದ ನಿಯಮ ಮಲೆನಾಡಿನಲ್ಲಿ ಎಂಥ ಎಡೆಗಳಿಗೆ ಒಂದು ಬಸ್ಸನ್ನೂ ನಾಲ್ಕು ನೌಕರರನ್ನೂ ಕಳಿಸುತ್ತದೆಂಬುದನ್ನು ಅಲ್ಲಿಗೆ ಹೋಗುವ ದಾರಿಯಲ್ಲಿಯೇ ಕಾಣಬಹುದು. ಕೊನೆಯ ತಿರುವಿನ ನಂತರ ಮೊಬೈಲ್ ಸಂಕೇತ ಪೂರ್ತಿ ಸತ್ತುಹೋಯಿತು. ಇಂಥ ಮತಗಟ್ಟೆಗಳನ್ನು ಮುಂಚೆಯೇ ಗುರುತಿಸಿ ಪೊಲೀಸರ ವೈರ್‌ಲೆಸ್ ಒದಗಿಸಿದ್ದರು. ಹಿಂದೆ ನಕ್ಸಲ್ ಚಟುವಟಿಕೆ ಕಂಡ ಸೀಮೆಯಾದ್ದರಿಂದ ಕಾವಲೂ ಸ್ವಲ್ಪ ಹೆಚ್ಚಾಗಿತ್ತು.

ಸಂಜೆ ಕೆಲಸ ಸಾಕಷ್ಟಿತ್ತು. ಬೆಂಚುಗಳನ್ನು ಹೊರಗಿಟ್ಟು, ಅಭ್ಯರ್ಥಿಗಳ ಪರವಾಗಿ ಕೂರುವ ಏಜೆಂಟರಿಗೆ ಮತದಾರರ ಮುಖ ಕಾಣುವಂತೆ, ಆದರೆ ಮತ ಹಾಕುವ ಮರೆಯ ಒಳಭಾಗ ಯಾವ ಕಿಟಕಿಯಿಂದಲೂ ಕಾಣದಂತೆ ಮೇಜುಗಳನ್ನು ಹಾಕಬೇಕು. ಹೊರಗೆ ಅಭ್ಯರ್ಥಿಗಳ ಪಟ್ಟಿ ಅಂಟಿಸಬೇಕು, ನೂರು ಮೀಟರಿನ ಗೆರೆ ಎಳೆಸಬೇಕು, ಗೋಡೆಯ ಮೇಲೆ ಯಾವುದಾದರೂ ನಾಯಕರ ಚಿತ್ರವಿದ್ದರೆ ಮುಚ್ಚಬೇಕು. ಬಿಸಿಯೂಟದ ಅಡುಗೆಯವರು ಅನ್ನ, ಹುರುಳಿ ಸಾರು ಮಾಡಿಕೊಟ್ಟರು. ಊಟವಾದ ಮೇಲೆ ಲಕೋಟೆಗಳ ಮೇಲೆ ಮತಗಟ್ಟೆಯ ಹೆಸರು, ಸಂಖ್ಯೆ, ದಿನಾಂಕಗಳನ್ನು ಬರೆದು ಮುಗಿಸಿ, ಯಂತ್ರಗಳನ್ನಿಟ್ಟ ಕೊಠಡಿಯಲ್ಲಿಯೇ ಮಲಗಿದೆವು.

ಯಂತ್ರ ಸರಿಯಾಗಿದೆಯೇ ಎಂದು ನೋಡುವ ಅಣಕು ಮತದಾನ ಬೆಳಿಗ್ಗೆ ಐದೂವರೆಗೆ. ಏಜೆಂಟರು ಬಾರದಿದ್ದರೆ ಹದಿನೈದು ನಿಮಿಷ ಕಾದು ಮುಂದುವರಿಯಬಹುದು. ನಮ್ಮಲ್ಲಿ ಇಬ್ಬರು ಟಾರ್ಚ್ ಹಿಡಿದುಕೊಂಡು ಸಮಯಕ್ಕೆ ಮುಂಚೆಯೇ ಬಂದು ನಿಂತಿದ್ದರು. ಎದುರಾಳಿ ಪಕ್ಷಗಳವರು, ಅಕ್ಕಪಕ್ಕದ ತೋಟದವರು. ಯಂತ್ರ ಚಾಲೂ ಆದೊಡನೆ ವಿವಿಪ್ಯಾಟ್ ತನ್ನನ್ನು ತಾನೇ ಪರೀಕ್ಷಿಸಿಕೊಂಡು ಏಳು ಚೀಟಿ ಉದುರಿಸಿತು. ಅನಂತರ ನೋಟಾ ಸೇರಿ ಎಲ್ಲ ಗುಂಡಿಗಳನ್ನೂ ಸರದಿಯ ಮೇಲೆ ಒತ್ತುತ್ತ ಕನಿಷ್ಠ ಐವತ್ತು ಮತ ಹಾಕಬೇಕು. ಯಾವ ಗುಂಡಿಗೆ ಎಷ್ಟು ಸಲ ಒತ್ತಿದರೆಂಬುದನ್ನು ಸಹಾಯಕ ಅಧ್ಯಕ್ಷಾಧಿಕಾರಿ ಕಾಗದದ ಮೇಲೆ ಗೆರೆ ಹಾಕಿ ಬರೆದುಕೊಳ್ಳುತ್ತಿದ್ದರು. ಕ್ಲೋಸ್ ಒತ್ತಿ, ರಿಸಲ್ಟ್ ಒತ್ತಿದಾಗ ಪರದೆಯ ಮೇಲೆ ಬಂದ ಸಂಖ್ಯೆಗಳನ್ನು ಆ ಗೆರೆಗಳೊಂದಿಗೂ ಪೆಟ್ಟಿಗೆಯಿಂದ ತೆಗೆದ ಚೀಟಿಗಳೊಂದಿಗೂ ಹೋಲಿಸಿದೆವು. ಮೂರೂ ಒಂದೇ ಆಗಿದ್ದವು. ಚೀಟಿಗಳ ಬೆನ್ನಿಗೆ ಅಣಕು ಮತದಾನದ ಮೊಹರು ಒತ್ತಿ ಕಪ್ಪು ಲಕೋಟೆಗೆ ಹಾಕಿ, ಸಹಿ ಮಾಡಿ, ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಗುಲಾಬಿ ಕಾಗದದ ಸೀಲ್ ಹಾಕಿದೆವು.

ಇದಾದ ಮೇಲೆ ಕ್ಲಿಯರ್ ಒತ್ತುವುದು. ತರಬೇತಿಯಲ್ಲಿ ಅತಿ ಹೆಚ್ಚು ಸಲ ಕೇಳಿದ ಮಾತೆಂದರೆ ಇದೇ: ಅಣಕು ಮತಗಳನ್ನು ಅಳಿಸದೆ ಮತದಾನ ಶುರುಮಾಡಿದರೆ ಆ ಯಂತ್ರದ ಲೆಕ್ಕ ಕೊನೆಯವರೆಗೂ ನೆಟ್ಟಗಾಗುವುದಿಲ್ಲ. ಕ್ಲಿಯರ್ ಒತ್ತಿ, ಟೋಟಲ್ ಒತ್ತಿ, ಸೊನ್ನೆಯನ್ನು ಇಬ್ಬರು ಏಜೆಂಟರಿಗೂ ತೋರಿಸಿದೆ. ಅವರಲ್ಲಿ ಹಿರಿಯರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, “ಇನ್ನೊಂದ್ಸಲ ಒತ್ತಿ” ಎಂದರು, ಒತ್ತಿದೆ. ರಿಸಲ್ಟ್ ಗುಂಡಿಯ ಬಾಗಿಲಿನೊಳಗೆ ಹಸಿರು ಕಾಗದದ ಸೀಲನ್ನು ಕೂರಿಸುವಾಗ ಒಬ್ಬರು ಅದರ ಮೇಲಿನ ಕ್ರಮಸಂಖ್ಯೆಯನ್ನು ಗಟ್ಟಿಯಾಗಿ ಓದಿದರು, ಇನ್ನೊಬ್ಬರು ತಮ್ಮ ಡೈರಿಯಲ್ಲಿ ಬರೆದುಕೊಂಡರು. ಬಳಿಕ ಬರೆದವರು ಓದಿದರು, ಓದಿದವರು ಬರೆದುಕೊಂಡರು. ರಾಜಕೀಯವಾಗಿ ಒಬ್ಬರ ಮಾತನ್ನು ಒಬ್ಬರು ನಂಬದ ಆ ಇಬ್ಬರೂ ಒಂದೇ ಸೀಲಿನ ಬೆನ್ನಿಗೆ, ನನ್ನ ಸಹಿಯ ಕೆಳಗೆ, ಸಹಿ ಮಾಡಿದರು. ಚುನಾವಣೆಯ ವಿಶ್ವಾಸಾರ್ಹತೆಯ ಬಗ್ಗೆ ಟಿವಿಯಲ್ಲಿ ನಡೆಯುವ ಚರ್ಚೆಗಳು ಬಹುಮಟ್ಟಿಗೆ ಯಂತ್ರದೊಳಗಿನ ಮೈಕ್ರೋಚಿಪ್ ಸುತ್ತಲೇ ತಿರುಗುತ್ತವೆ. ನಾನು ಕಂಡಂತೆ ಆಯೋಗ ತನ್ನ ಭಾರವನ್ನೆಲ್ಲ ಹೊರಿಸಿರುವುದು ಪರಸ್ಪರ ಅಪನಂಬಿಕೆಯ ಜನರನ್ನು ಒಂದೇ ಮೇಜಿಗೆ ಕೂರಿಸಿ, ಪ್ರತಿ ಹಂತದಲ್ಲೂ ಒಂದು ಸಂಖ್ಯೆಯನ್ನು ಅವರ ಕೈಯಲ್ಲೇ ಬರೆಸಿಕೊಳ್ಳುವ ಈ ಪದ್ಧತಿಯ ಮೇಲೆ.

ಏಳು ಗಂಟೆಗೆ ಮತದಾನ ಶುರುವಾಯಿತು. ಮೊದಲ ಎರಡು ಗಂಟೆ ಬಿಡುವಿರಲಿಲ್ಲ. ಬಿಸಿಲೇರುವ ಮುಂಚೆ ಮತ ಹಾಕಿ ತೋಟದ ಕೆಲಸಕ್ಕೆ ಹೋಗುವವರೇ ಹೆಚ್ಚು. ಸಹಾಯಕ ಅಧ್ಯಕ್ಷಾಧಿಕಾರಿ ಹೆಸರನ್ನೂ ಕ್ರಮಸಂಖ್ಯೆಯನ್ನೂ ಗಟ್ಟಿಯಾಗಿ ಓದಿ, ಪಟ್ಟಿಯಲ್ಲಿ ಕೆಂಪು ಗೆರೆ ಎಳೆದು, ಮಹಿಳೆಯಾದರೆ ಕ್ರಮಸಂಖ್ಯೆಗೆ ಸುತ್ತು ಹಾಕುತ್ತಿದ್ದರು. ಎರಡನೆಯವರು ಎಡಗೈ ತೋರುಬೆರಳಿನ ಉಗುರಿನ ಮೇಲಿಂದ ಮೊದಲ ಗಂಟಿನವರೆಗೆ ಶಾಯಿಯ ಗೆರೆ ಹಾಕಿ, 17ಎ ರಿಜಿಸ್ಟರಿನಲ್ಲಿ ಸಹಿ ಅಥವಾ ಹೆಬ್ಬೆಟ್ಟು ಪಡೆದು ಚೀಟಿ ಕೊಡುತ್ತಿದ್ದರು. ಮೂರನೆಯವರು ಚೀಟಿ ಪಡೆದು, ಬೆರಳು ನೋಡಿ, ಬ್ಯಾಲೆಟ್ ಗುಂಡಿ ಒತ್ತುತ್ತಿದ್ದರು. ಮರೆಯ ಹಿಂದಿನಿಂದ ಬೀಪ್ ಶಬ್ದ ಬಂದರೆ ಒಂದು ಮತ ದಾಖಲಾದಂತೆ.

ಎರಡು ಗಂಟೆಗೊಮ್ಮೆ ಮತದಾನದ ಪ್ರಮಾಣವನ್ನು ಪುರುಷರೆಷ್ಟು, ಮಹಿಳೆಯರೆಷ್ಟು ಎಂದು ವಿಂಗಡಿಸಿ ಕೆಲವು ಮತಗಟ್ಟೆಗಳ ಉಸ್ತುವಾರಿ ಹೊತ್ತ ಸೆಕ್ಟರ್ ಅಧಿಕಾರಿಗೆ ತಿಳಿಸಬೇಕು. ಬೇರೆಡೆ ಇದು ಮೊಬೈಲಿನಲ್ಲಿ ಮುಗಿಯುವ ಕೆಲಸ. ನಮ್ಮಲ್ಲಿ ಪೊಲೀಸ್ ಪೇದೆ ವೈರ್‌ಲೆಸ್‌ನಲ್ಲಿ ಒಂದೊಂದು ಅಂಕಿಯನ್ನೂ ಬಿಡಿಬಿಡಿಯಾಗಿ ಕೂಗಿ, ಆಚೆಯವರು ಮರಳಿ ಕೂಗಿದ್ದನ್ನು ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದರು. ಮೊದಲ ವರದಿಗೆ ಮುನ್ನ ಟೋಟಲ್ ಒತ್ತಿ ನೋಡಿದಾಗ ಯಂತ್ರದ ಸಂಖ್ಯೆ ರಿಜಿಸ್ಟರಿನ ಕೊನೆಯ ಕ್ರಮಸಂಖ್ಯೆಗಿಂತ ಎರಡು ಕಡಿಮೆ ಬಂತು. ಹೊಸಬರಾದ ಪಂಚಾಯಿತಿ ಗುಮಾಸ್ತರ ಮುಖ ಬಿಳಿಚಿಕೊಂಡಿತು. ಒಬ್ಬರು ಸಹಿ ಮಾಡಿ ಚೀಟಿ ಹಿಡಿದು ನಿಂತಿದ್ದರು, ಇನ್ನೊಬ್ಬರು ಮರೆಯೊಳಗಿದ್ದರು. ಇಬ್ಬರೂ ಹೊರಬಂದ ಮೇಲೆ ಸಂಖ್ಯೆ ಸರಿಹೋಯಿತು. ರಿಜಿಸ್ಟರಿಗೂ ಯಂತ್ರಕ್ಕೂ ನಡುವೆ ಎಷ್ಟು ಜನ ನಿಂತಿದ್ದಾರೆಂಬುದನ್ನು ಲೆಕ್ಕಕ್ಕೆ ಹಿಡಿಯದೆ ಟೋಟಲ್ ನೋಡಬಾರದೆಂಬುದು ಅಲ್ಲಿಂದ ಮುಂದೆ ನಮ್ಮ ತಂಡದ ಕ್ರಮವಾಯಿತು.

ಹನ್ನೊಂದರ ಸುಮಾರಿಗೆ ಕಣ್ಣು ಕಾಣದ ಅಜ್ಜಿಯೊಬ್ಬರನ್ನು ಮೊಮ್ಮಗ ಕರೆತಂದ. 85 ದಾಟಿದವರಿಗೆ ಮನೆಯಿಂದಲೇ ಮತ ಹಾಕುವ ಅವಕಾಶ ಈ ಬಾರಿ ಇತ್ತಾದರೂ ಅವರು ಅದಕ್ಕೆ ಬೇಕಾದ ಅರ್ಜಿಯನ್ನು, ಅಂದರೆ ನಮೂನೆ 12ಡಿಯನ್ನು, ಕೊಟ್ಟಿರಲಿಲ್ಲ. ಬೂತಿಗೇ ಬರಬೇಕೆಂಬುದು ಅಜ್ಜಿಯ ಹಟ. ಸಹಾಯಕನಾಗಿ ಬರುವವನಿಗೆ 18 ತುಂಬಿರಬೇಕು, ಅದೇ ದಿನ ಬೇರೆ ಯಾರಿಗೂ ಸಹಾಯಕನಾಗಿರಬಾರದು, ಗುಟ್ಟು ಕಾಯುತ್ತೇನೆಂದು ಬರೆದುಕೊಡಬೇಕು. ಅವನ ಬಲಗೈ ತೋರುಬೆರಳಿಗೂ ಶಾಯಿ ಹಚ್ಚುತ್ತಾರೆ. ತನ್ನ ಮತವನ್ನೂ ಹಾಕಿದ ಆ ಹುಡುಗ ಎರಡೂ ಕೈಗಳಲ್ಲಿ ಕಪ್ಪು ಗೆರೆ ಹೊತ್ತು ಹೊರಗೆ ಹೋದಾಗ ಸರದಿಯಲ್ಲಿದ್ದವರು ಇವನಿಗೆ ಎರಡು ವೋಟೇ ಎಂದು ತಮಾಷೆ ಮಾಡಿದರು. ಏಜೆಂಟರಲ್ಲೊಬ್ಬರು ಮಾತ್ರ ತಮಾಷೆಗೆ ಬಿಡದೆ ನನ್ನ ಬಳಿ ಬಂದು 14ಎ ಪಟ್ಟಿಯಲ್ಲಿ ಹೆಸರು ಬರೆದಿದ್ದನ್ನು ನೋಡಿಕೊಂಡು ಹೋದರು.

ಮಧ್ಯಾಹ್ನ ಒಬ್ಬ ಯುವಕ, ತಾನು ಒತ್ತಿದ ಚಿಹ್ನೆ ಬೇರೆ, ಗಾಜಿನ ಹಿಂದೆ ಏಳು ಸೆಕೆಂಡು ಕಂಡ ಚೀಟಿಯ ಚಿಹ್ನೆ ಬೇರೆ ಎಂದು ಹೇಳಿದ. ಇದಕ್ಕೆ 49ಎಂಎ ನಿಯಮವಿದೆ. ದೂರನ್ನು ಲಿಖಿತವಾಗಿ ಪಡೆಯಬೇಕು, ಸುಳ್ಳಾದರೆ ಶಿಕ್ಷೆಯಿದೆಯೆಂದು ಎಚ್ಚರಿಸಬೇಕು, ಏಜೆಂಟರ ಸಮಕ್ಷಮ ಅವನಿಂದ ಒಂದು ಪರೀಕ್ಷಾ ಮತ ಹಾಕಿಸಬೇಕು. ದೂರು ನಿಜವಾದರೆ ಮತದಾನ ನಿಲ್ಲಿಸಿ ಚುನಾವಣಾಧಿಕಾರಿಗೆ ತಿಳಿಸಬೇಕು; ಅಲ್ಲವಾದರೆ ಆ ಪರೀಕ್ಷಾ ಮತವನ್ನು 17ಸಿಯಲ್ಲಿ ಬೇರೆ ನಮೂದಿಸಿ ಕಳೆಯಬೇಕು. ನಾನು ನಿಯಮವನ್ನು ಓದಿ ಹೇಳಿ ಕಾಗದ ಮುಂದಿಟ್ಟೆ. ಅವನು ಎರಡು ನಿಮಿಷ ಅದನ್ನೇ ನೋಡಿ, ತನಗೆ ಸರಿಯಾಗಿ ಕಾಣಲಿಲ್ಲವೇನೋ ಎಂದು ಹೇಳಿ ಹೊರಟ. ಬೆಳಿಗ್ಗೆ ಎಲ್ಲ ಗುಂಡಿಗಳನ್ನೂ ಒತ್ತಿ ಚೀಟಿಗಳನ್ನು ಎಣಿಸಿದ್ದ ಏಜೆಂಟರಿಬ್ಬರೂ ಅವನ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಆದರೂ ಈ ನಿಯಮದ ಬಗ್ಗೆ ನನಗೆ ಪೂರ್ತಿ ಸಮಾಧಾನವಿಲ್ಲ. ಪರೀಕ್ಷಾ ಮತದಲ್ಲಿ ಯಂತ್ರ ಸರಿಯಾಗಿ ನಡೆದುಕೊಂಡರೆ ಮೊದಲಿನ ಮತದಲ್ಲಿಯೂ ಹಾಗೆಯೇ ನಡೆದುಕೊಂಡಿತ್ತೆಂದು ಸಾಬೀತಾಗುವುದಿಲ್ಲ, ಮತ್ತು ಪ್ರಾಮಾಣಿಕವಾಗಿ ಅನುಮಾನ ಬಂದವನನ್ನೂ ಜೈಲಿನ ಮಾತು ಹೆದರಿಸಿ ಕಳಿಸುತ್ತದೆ.

ಕಾಕತಾಳೀಯವೆಂದರೆ, ಎಲ್ಲ ವಿವಿಪ್ಯಾಟ್ ಚೀಟಿಗಳನ್ನೂ ಎಣಿಸಬೇಕೆಂಬ ಬೇಡಿಕೆಯನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು ಅದೇ ದಿನ. ನ್ಯಾಯಮೂರ್ತಿಗಳಾದ ಸಂಜೀವ್ ಖನ್ನಾ ಮತ್ತು ದೀಪಾಂಕರ್ ದತ್ತ ಅವರ ಪೀಠ, ಪ್ರತಿ ವಿಧಾನಸಭಾ ಕ್ಷೇತ್ರಕ್ಕೆ ಐದು ಮತಗಟ್ಟೆಗಳ ಚೀಟಿ ಎಣಿಸುವ ಪದ್ಧತಿಯನ್ನೇ ಉಳಿಸಿ, ವಿವಿಪ್ಯಾಟ್ ಯಂತ್ರಕ್ಕೆ ಚಿಹ್ನೆಗಳನ್ನು ತುಂಬುವ ಘಟಕಗಳನ್ನು ಫಲಿತಾಂಶದ ನಂತರ 45 ದಿನ ಮೊಹರು ಮಾಡಿ ಇಡಬೇಕೆಂದು ಆದೇಶಿಸಿತ್ತು. ಆ ಸುದ್ದಿಯಾಗಲಿ, ಚಾಮರಾಜನಗರ ಜಿಲ್ಲೆ ಹನೂರು ತಾಲೂಕಿನ ಇಂಡಿಗನತ್ತದಲ್ಲಿ ಮೂಲಸೌಕರ್ಯಕ್ಕಾಗಿ ಮತದಾನ ಬಹಿಷ್ಕರಿಸಿದ್ದವರ ಮನವೊಲಿಸಲು ಹೋದಾಗ ಘರ್ಷಣೆಯಾಗಿ ಮತಯಂತ್ರ ಪುಡಿಯಾದ ಸುದ್ದಿಯಾಗಲಿ ನಮ್ಮ ಕೊಠಡಿಗೆ ತಲುಪಲಿಲ್ಲ. ಇಂಡಿಗನತ್ತದಲ್ಲಿ ಏಪ್ರಿಲ್ 29ರಂದು ಮರುಮತದಾನ ನಡೆಯಿತು. ಒಡೆದ ಯಂತ್ರದ ಚಿತ್ರವನ್ನು ಪತ್ರಿಕೆಯಲ್ಲಿ ನೋಡಿದಾಗ ನನಗೆ ಮೊದಲು ಕಾಡಿದ್ದು ಆ ಮತಗಟ್ಟೆಯ ಅಧ್ಯಕ್ಷಾಧಿಕಾರಿ ಡೈರಿಯಲ್ಲಿ ಏನೆಂದು ಬರೆದಿರಬಹುದೆಂಬ ಯೋಚನೆ.

ಮೂರರ ನಂತರ ಜನ ತೆಳುವಾದರು. ನಮ್ಮ ತಂಡದಲ್ಲಿ ಇಡಿಸಿ ಇದ್ದವರು ಒಬ್ಬೊಬ್ಬರಾಗಿ ಮತ ಹಾಕಿದೆವು. ನಮ್ಮ ಹೆಸರುಗಳು ಗುರುತು ಹಾಕುವ ಪ್ರತಿಯ ಕೊನೆಯಲ್ಲಿ, ಆ ಊರಿನ ಕೊನೆಯ ಮತದಾರನ ಮುಂದಿನ ಕ್ರಮಸಂಖ್ಯೆಗಳಾಗಿ ಸೇರಿಕೊಳ್ಳುತ್ತವೆ. ಆರು ಗಂಟೆಗೆ ಆವರಣದಲ್ಲಿ ಇನ್ನೂ ಕೆಲವರಿದ್ದರು. ಸಾಲಿನ ಕೊನೆಯವರಿಂದ ಶುರುಮಾಡಿ ಮುಂದಕ್ಕೆ ಸಹಿ ಮಾಡಿದ ಚೀಟಿ ಹಂಚಿದೆ. ಕೊನೆಯಿಂದ ಹಂಚಿದರೆ ಆರರ ನಂತರ ಬಂದವರು ಸಾಲಿನ ಬಾಲ ಹಿಡಿಯಲಾಗುವುದಿಲ್ಲ. ಅವರೆಲ್ಲ ಮುಗಿಸಿದ ಮೇಲೆ ಕ್ಲೋಸ್ ಗುಂಡಿ ಒತ್ತಿ, ಪರದೆಯ ಮೇಲಿನ ಮೊತ್ತವನ್ನು ಏಜೆಂಟರಿಗೆ ತೋರಿಸಿದೆ. ರಿಜಿಸ್ಟರಿನ ಕೊನೆಯ ಕ್ರಮಸಂಖ್ಯೆಯೂ ಅದೇ ಇತ್ತು. ಚೀಟಿ ಪಡೆದು ಮತ ಹಾಕದೆ ಹೋದವರಿಲ್ಲ, ಪರೀಕ್ಷಾ ಮತವಿಲ್ಲ, ಟೆಂಡರ್ಡ್ ಮತವಿಲ್ಲ. ಹೀಗೆ ಎಲ್ಲ ಕಲಮುಗಳಲ್ಲೂ ಸೊನ್ನೆ ಬರೆಯುವ ಭಾಗ್ಯ ಎಲ್ಲ ಮತಗಟ್ಟೆಗೂ ಸಿಗುವುದಿಲ್ಲ.

17ಸಿ ಎರಡು ಭಾಗಗಳ ಕಾಗದ. ಮೊದಲ ಭಾಗದಲ್ಲಿ ಯಂತ್ರಗಳ ಸಂಖ್ಯೆ, ಒಟ್ಟು ಮತದಾರರು, ರಿಜಿಸ್ಟರಿನ ಮೊತ್ತ, ಯಂತ್ರದ ಮೊತ್ತ, ಸೀಲುಗಳ ಲೆಕ್ಕ ಇವನ್ನು ಮತಗಟ್ಟೆಯಲ್ಲಿಯೇ ತುಂಬಿ, ಹಾಜರಿರುವ ಏಜೆಂಟರಿಗೆ ದೃಢೀಕೃತ ಪ್ರತಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಎರಡನೆಯ ಭಾಗ ಖಾಲಿ ಇರುತ್ತದೆ. ಎಣಿಕೆಯ ದಿನ ಯಾವ ಅಭ್ಯರ್ಥಿಗೆ ಎಷ್ಟು ಎಂದು ಅಲ್ಲಿನ ಮೇಲ್ವಿಚಾರಕರು ತುಂಬುತ್ತಾರೆ. ಎರಡೂ ಭಾಗಗಳ ಮೊತ್ತ ಒಂದೇ ಆಗಬೇಕು. ಮತದಾನದ ಅಂತಿಮ ಪ್ರಮಾಣ ಪ್ರಕಟವಾಗಲು ತಡವಾಯಿತೆಂದೂ ಮತಗಟ್ಟೆವಾರು 17ಸಿಯನ್ನು ಜಾಲತಾಣದಲ್ಲಿ ಹಾಕಬೇಕೆಂದೂ ಮೇ ತಿಂಗಳಲ್ಲಿ ದೊಡ್ಡ ವಿವಾದವಾಗಿ, ಸುಪ್ರೀಂ ಕೋರ್ಟ್ ಮೇ 24ರಂದು ಮಧ್ಯಂತರ ಆದೇಶ ನೀಡಲು ನಿರಾಕರಿಸಿತು. ಮರುದಿನ ಆಯೋಗ ಮುಗಿದ ಹಂತಗಳ ಕ್ಷೇತ್ರವಾರು ಮತಸಂಖ್ಯೆಯನ್ನು ಹೊರಗಿಟ್ಟಿತು. ಅಷ್ಟು ಹೊತ್ತಿಗೆ ಆ ಸಂಖ್ಯೆಗಳೆಲ್ಲ ಏಜೆಂಟರ ಜೇಬಿಗೆ ಹೋಗಿ ವಾರಗಳಾಗಿದ್ದವಾದ್ದರಿಂದ, ಅವನ್ನು ಮತದಾನದ ಮರುದಿನವೇ ಪ್ರಕಟಿಸಿದ್ದರೆ ಆಯೋಗಕ್ಕೆ ನಷ್ಟವೇನೂ ಇರಲಿಲ್ಲವೆಂಬುದು ನನ್ನ ಅಭಿಪ್ರಾಯ. ಇನ್ನೊಂದು ಮಾತನ್ನೂ ಹೇಳಬೇಕು. ಪ್ರತಿ ಪಡೆದ ನಮ್ಮ ಏಜೆಂಟರಲ್ಲಿ ಒಬ್ಬರು ಅದನ್ನು ಮಡಚಿ ಜೋಪಾನವಾಗಿ ಇಟ್ಟುಕೊಂಡರು. ಇನ್ನೊಬ್ಬರ ಪ್ರತಿ ನಾವು ಹೊರಡುವಾಗ ಕಿಟಕಿಯ ಪಕ್ಕ ಚಹಾ ಲೋಟದ ಕೆಳಗಿತ್ತು. ಕೂಗಿ ಕೊಟ್ಟು ಬಂದೆ.

ಸೀಲು ಮಾಡುವುದು ತಾಳ್ಮೆಯ ಕೆಲಸ. ಮಲೆನಾಡಿನ ಸಂಜೆಗಾಳಿಗೆ ಮೇಣದಬತ್ತಿ ನಿಲ್ಲದೆ, ಪೊಲೀಸ್ ಪೇದೆ ತಮ್ಮ ಟೋಪಿಯನ್ನು ಅಡ್ಡ ಹಿಡಿದು ನಿಂತರು. ಅರಗು ಕಾಗದದ ಮೇಲೆ ಬೀಳುವ ಮುಂಚೆಯೇ ಗಟ್ಟಿಯಾಗುತ್ತಿತ್ತು, ಬಿಸಿ ಹೆಚ್ಚಾದರೆ ಲಕೋಟೆಯನ್ನೇ ಸುಡುತ್ತಿತ್ತು. ವಿವಿಪ್ಯಾಟ್‌ನ ಬ್ಯಾಟರಿ ತೆಗೆದು, ಮೂರು ಯಂತ್ರಗಳನ್ನೂ ಅವುಗಳ ಪೆಟ್ಟಿಗೆಯಲ್ಲಿಟ್ಟು, ವಿಳಾಸದ ಚೀಟಿ ಕಟ್ಟಿ ಮುದ್ರೆ ಹಾಕಿದೆವು.

ಯಂತ್ರ, ಕಾಗದಗಳನ್ನು ಮರಳಿ ಒಪ್ಪಿಸುವ ಡಿಮಸ್ಟರಿಂಗ್ ಕೇಂದ್ರಕ್ಕೆ ಬಸ್ಸು ಮುಟ್ಟಿದ್ದು ರಾತ್ರಿ. ಈ ಹಂತವನ್ನು ಆಯೋಗದ ಕೈಪಿಡಿಗಳು ಒಂದೆರಡು ಪುಟದಲ್ಲಿ ಮುಗಿಸುತ್ತವೆ. ನೌಕರರ ನೆನಪಿನಲ್ಲಿ ಉಳಿಯುವುದು ಮಾತ್ರ ಇದೇ. ಹಿಂದಿನ ದಿನ ಬೆಳಗಿನಿಂದ ನಿದ್ದೆಯಿಲ್ಲದ ನೂರಾರು ಜನ ಲಕೋಟೆಗಳನ್ನು ಮಡಿಲಲ್ಲಿಟ್ಟುಕೊಂಡು ಸಾಲಿನಲ್ಲಿ ನಿಂತಿರುತ್ತಾರೆ. ನಮ್ಮ ಸಾಲಿನ ಕೌಂಟರಿನವರು ಹಳದಿ ಲಕೋಟೆಗಳನ್ನು ಅನುಕ್ರಮ ತಪ್ಪಿದೆಯೆಂದು ಎಲ್ಲರಿಂದಲೂ ಬಿಚ್ಚಿಸಿ ಮತ್ತೆ ಜೋಡಿಸಲು ಹೇಳುತ್ತಿದ್ದರು. ಪಕ್ಕದ ಕೌಂಟರಿನಲ್ಲಿ ಅದೇ ಅನುಕ್ರಮವನ್ನು ಸ್ವೀಕರಿಸುತ್ತಿದ್ದರು. ಸ್ವಲ್ಪ ಜಗಳವೂ ಆಯಿತು. ಬೂತಿನಲ್ಲಿ ಹಗಲೆಲ್ಲ ಒಂದು ಮಾತೂ ಜೋರಾಗಿ ಆಡದ ಸಹಾಯಕ ಅಧ್ಯಕ್ಷಾಧಿಕಾರಿಯೇ ಕೊನೆಗೆ ಕೈಪಿಡಿಯ ಪುಟ ತೆರೆದು ಮೇಜಿನ ಮೇಲಿಟ್ಟರು. ಯಂತ್ರಗಳನ್ನೂ 17ಸಿಯನ್ನೂ ಮೊದಲು ಒಪ್ಪಿಸಿ, ಉಳಿದ ಲಕೋಟೆಗಳಿಗೂ ಸ್ವೀಕೃತಿ ಪಡೆದು, ಬಿಡುಗಡೆ ಪತ್ರ ಕೈಗೆ ಬಂದಾಗ ಮಧ್ಯರಾತ್ರಿ ದಾಟಿತ್ತು. ಯಂತ್ರಗಳು ಎಣಿಕೆಗಾಗಿ ಉಡುಪಿಯ ಭದ್ರತಾ ಕೊಠಡಿಗೆ ಹೋದವು.

ಮೇ ಕೊನೆಗೆ ಶಾಲೆ ಮತ್ತೆ ತೆರೆಯಿತು. ಜೂನ್ 3ರಂದು ವಿಧಾನ ಪರಿಷತ್ತಿನ ಶಿಕ್ಷಕರ ಮತ್ತು ಪದವೀಧರರ ಕ್ಷೇತ್ರಗಳಿಗೆ ಮತದಾನವಿದ್ದು, ಅಲ್ಲಿ ಯಂತ್ರವಿಲ್ಲದೆ ಕಾಗದದ ಮತಪತ್ರದ ಮೇಲೆ ಪ್ರಾಶಸ್ತ್ಯದ ಅಂಕಿ ಬರೆಯಬೇಕಿತ್ತು. ಆಗ ನಾನು ಮತದಾರನಾಗಿ ಮಾತ್ರ ಹೋಗಿದ್ದೆ. ಮರುದಿನ ಲೋಕಸಭೆಯ ಎಣಿಕೆ. ಯಾರು ಗೆದ್ದರೆಂಬುದು ಮಧ್ಯಾಹ್ನದ ಹೊತ್ತಿಗೇ ಎಲ್ಲರಿಗೂ ತಿಳಿದಿತ್ತು. ನನಗೆ ಬೇಕಿದ್ದ ಕಾಗದ ಬೇರೆ. ಪ್ರತಿ ಮತಗಟ್ಟೆಯಲ್ಲಿ ಯಾರಿಗೆಷ್ಟು ಮತ ಬಿತ್ತೆಂಬ ಅಂತಿಮ ಫಲಿತಾಂಶ ಪತ್ರ, ಅಂದರೆ ನಮೂನೆ 20, ಕೆಲವು ಸಮಯದ ನಂತರ ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ಯಾರು ಬೇಕಾದರೂ ನೋಡುವಂತೆ ಸಿಗುತ್ತದೆ. ಶೃಂಗೇರಿ ಕ್ಷೇತ್ರದ ಹಾಳೆಯಲ್ಲಿ ನಮ್ಮ ಮತಗಟ್ಟೆಯ ಸಾಲನ್ನು ಹುಡುಕಿ, ಅಭ್ಯರ್ಥಿಗಳ ಅಂಕಣಗಳನ್ನೂ ನೋಟಾವನ್ನೂ ಕೂಡಿದೆ. ಏಪ್ರಿಲ್ 26ರ ಸಂಜೆ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದ ಮೊತ್ತವೇ ಬಂತು. ಅದೇ ಹಾಳೆಯ ಲೆಕ್ಕವನ್ನು ಸಹಾಯಕ ಅಧ್ಯಕ್ಷಾಧಿಕಾರಿಗೆ ಕಳಿಸಿದೆ. ಅವರು ಆಗಲೇ ಕೂಡಿ ನೋಡಿ ಮುಗಿಸಿದ್ದರು.